ಎರಡು ಬುಟ್ಟಿಯ ಬಾಗಿಲು

ಅವರ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಕಾದ ಹಲಗೆ ಮುಟ್ಟಿ ಮುಟ್ಟಿ ಚರ್ಮ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಸಿರಾದಿಂದ ಮಧುಗಿರಿಗೆ ಕೆಲಸಕ್ಕೆ ಬರುತ್ತಿದ್ದ ಬಡಗಿ ಅವರು. ನಮ್ಮ ಬೀದಿಯಲ್ಲಿ ಬಡಗಿ ಸಾಬರು ಅಂತಲೇ ಕರೆಯುತ್ತಿದ್ದೆವು. ಆ ಕೈ ನೋಡಿದ ದಿನವೇ ನನಗೆ ಅನುಮಾನ ಬಂತು. ಮರಗೆಲಸದವರಿಗೆ ಬೆಂಕಿಯ ಜೊತೆ ಏನು ವ್ಯವಹಾರ?

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಅತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಅವರು ಮಲಗುವ ಕೋಣೆಗೆ ಒಂದು ಬಾಗಿಲು ಅಡಿಗೆಮನೆಗೆ, ಇನ್ನೊಂದು ಹಿತ್ತಿಲಿಗೆ. ಅಡಿಗೆಮನೆಯಲ್ಲಿ ಸೌದೆ ಒಲೆ, ಮೂಲೆಯಲ್ಲಿ ಸೂರು ಮುಟ್ಟುವಷ್ಟು ತೊಗರಿಕಡ್ಡಿ. ನಡುವಿನ ಬಾಗಿಲು ಗೆದ್ದಲು ತಿಂದು ಜರಡಿಯಾಗಿತ್ತು. ಪುರವರದ ನೆಂಟರ ಅಡಿಗೆಮನೆಗೆ ಬೆಂಕಿ ಬಿದ್ದ ಸುದ್ದಿ ಕೇಳಿದ ಮೇಲೆ ನನಗೆ ನೆಮ್ಮದಿಯಿಲ್ಲ. ಮಂಚವನ್ನು ಮುಂದಿನ ಪಡಸಾಲೆಗೆ ಹಾಕೋಣ ಅಂದರೆ ಅತ್ತೆ ಒಪ್ಪಲಿಲ್ಲ.

“ಬೀದೀಲಿ ಹೋಗೋರೆಲ್ಲ ನನ್ನ ಅವಸ್ಥೆ ನೋಡ್ಲಿ ಅಂತನಾ?” ಅಂದರು.

ನಮ್ಮ ಯಜಮಾನರು ತುಮಕೂರಿನಿಂದ ಹೊಸ ತರಹದ ಬಾಗಿಲು ತಂದರು. ಅದರ ಮೇಲೆ ‘ಬೆಂಕಿ ತಡೆಯುತ್ತದೆ’ ಅಂತ ಮುದ್ರೆ. ಕೂರಿಸಲು ಬಂದ ಸಾಬರು ಅದನ್ನು ಮೂಸಿ ನೋಡಿ ಕೆಳಗಿಟ್ಟರು.

“ಎಷ್ಟು ಹೊತ್ತು ತಡೀತದೆ ಅಂತ ಬರ್ದಿಲ್ವಲ್ಲ ಅಮ್ಮ. ಸುಟ್ಟು ನೋಡ್ದೆ ನಾನು ಕೂರ್ಸಲ್ಲ.”

ಬಾಗಿಲು ಚೌಕಟ್ಟಿಗಿಂತ ಒಂದು ಗೇಣು ಉದ್ದವಿತ್ತು. ಕೊಯ್ದು ಉಳಿದ ತುಂಡನ್ನೇ ಹಿತ್ತಿಲಿಗೆ ಒಯ್ದರು. ಮಣ್ಣಿನ ಮೂರು ಗೋಡೆ ಕಟ್ಟಿ, ನಾಲ್ಕನೆಯ ಕಡೆ ಆ ತುಂಡನ್ನು ನಿಲ್ಲಿಸಿ, ಒಳಗೆ ಒಂದು ಬುಟ್ಟಿ ಕಡಲೆಕಾಯಿ ಸಿಪ್ಪೆ ಸುರಿದು ಬೆಂಕಿ ಕೊಟ್ಟರು. ಹೊರಮೈಗೆ ಕಡಲೆಕಾಳಿನಷ್ಟು ಬೆಣ್ಣೆ. ಬುಟ್ಟಿ ಉರಿದು ಮುಗಿದರೂ ಬೆಣ್ಣೆ ಕರಗದಿದ್ದರೆ ಹಲಗೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ, ಎರಡು ಬುಟ್ಟಿ ತಡೆದರೆ ಎರಡು. ಗುಡಿಯ ಬಾಗಿಲಾದರೂ ಕೊಟ್ಟಿಗೆಯ ಬಾಗಿಲಾದರೂ ಅದೇ ಬುಟ್ಟಿ.

“ನಿಮ್ಮ ಕೈ ಇದೆಯಲ್ಲ, ನಮ್ಮ ಬೆಣ್ಣೆ ಯಾಕೆ?” ಅಂದೆ.

“ಈ ಕೈ ಸುಳ್ಳು ಹೇಳ್ತದೆ ಅಮ್ಮ. ಸುಟ್ಟು ಸುಟ್ಟು ಅದಕ್ಕೆ ಬಿಸೀನೇ ತಿಳಿಯಲ್ಲ.”

ಅರ್ಧ ಬುಟ್ಟಿಗೇ ಬೆಣ್ಣೆ ಇಳಿದುಹೋಯಿತು. ತಮ್ಮ ಮಾಲು ಮಾರುವುದಕ್ಕೆ ಈ ನಾಟಕ ಅಂತ ನನ್ನ ಮನಸ್ಸು ಹೇಳಿತು.

“ನಿಮ್ಮ ಬಾಗಿಲನ್ನೂ ಹೀಗೇ ಸುಡಿ ಸಾಬ್ರೇ. ಸಿಪ್ಪೆ ನಮ್ಮನೇದು.”

“ಆಗ್ಲಿ ಅಮ್ಮ.”

ಮುಂದಿನ ವಾರ ತಮ್ಮ ಕೆಲಸದ ಎರಡು ತುಂಡು ತಂದರು. ದೇವರು ಕ್ಷಮಿಸಲಿ, ಸಿಪ್ಪೆಗೆ ನಾನು ಒಂದಿಷ್ಟು ಸೀಮೆಎಣ್ಣೆ ಚಿಮುಕಿಸಿದ್ದೆ. ಬೆಂಕಿ ಭಗ್ಗೆಂದಿತು. ಸಾಬರು ಮೂಗು ಅರಳಿಸಿದರು, ನನ್ನ ಕಡೆ ಒಮ್ಮೆ ನೋಡಿದರು, ಮಣ್ಣು ಹಾಕಿ ಆರಿಸಿದರು.

“ಇದು ಲೆಕ್ಕಕ್ಕಿಲ್ಲ. ನನ್ನ ಹಲಗೆಗೆ ಎಣ್ಣೆ ಹಾಕಿದ್ರೆ ಅಂಗಡಿ ಹಲಗೆಗೂ ಹಾಕ್ಬೇಕಿತ್ತು. ಎಲ್ಲಾರ್ಗೂ ಒಂದೇ ಬೆಂಕಿ ಅಮ್ಮ.”

ಕೋಣೆಯಿಂದ ಅತ್ತೆ ಕೂಗಿದರು: “ಬ್ಯಾಸರ ಮಾಡ್ಕಬ್ಯಾಡಿ ಸಾಬ್ರೇ. ನನ್ ಎಡಗೈ ನಿಜವಾಗ್ಲೂ ಬಿದ್ದೋಗೈತಾ ಅಂತ ಚಿವುಟಿ ನೋಡ್ದೋಳು ಅವ್ಳು.”

ಒಣ ಸಿಪ್ಪೆ ಹಾಕಿ ಎರಡನೆಯ ತುಂಡನ್ನು ಸುಟ್ಟರು. ಒಂದು ಬುಟ್ಟಿ ದಾಟಿತು. ಎರಡನೆಯದರಲ್ಲಿ ಹಲಗೆ ಕೂಡಿದ ಸಂದು ಬಿಟ್ಟು ಉರಿ ನಾಲಿಗೆ ಚಾಚಿತು. ತಪ್ಪನ್ನು ನನ್ನ ಸಿಪ್ಪೆಯ ಮೇಲೆ ಹಾಕುತ್ತಾರೆ ಅಂತ ಕಾದೆ. ಅವರು ತಾವೇ ಒಂದೇ ಗೆರೆ ಎಳೆದರು.

“ಮರ ಸೋತಿಲ್ಲ, ನನ್ನ ಕೆಲಸ ಸೋತದೆ. ಅದಿರ್ಲಿ, ದೊಡ್ಡಮ್ಮನ್ನ ಎತ್ಕೊಂಡು ಬೀದಿಗೆ ಬರೋಕೆ ಎಷ್ಟು ಹೊತ್ತು ಬೇಕು?”

ನಮಗೆ ಗೊತ್ತಿರಲಿಲ್ಲ. ಹೊತ್ತು ಅಳೆಯಲು ಸಾಬರು ಮತ್ತೊಂದು ಬುಟ್ಟಿ ಸಿಪ್ಪೆ ಹಚ್ಚಿ “ನಡೀರಿ” ಅಂದರು. ಹಿತ್ತಿಲ ಬಾಗಿಲಿಗೆ ಮಂಚ ಹಿಡಿಸಲಿಲ್ಲ. ಅತ್ತೆಯನ್ನು ಕಂಬಳಿಯಲ್ಲಿ ಹಾಕಿಕೊಂಡು ನಾನೂ ಯಜಮಾನರೂ ಹೊರಟೆವು.

“ಲೇ, ಮೆಲ್ಲಗೆ ಕಣ್ಲಾ. ನನ್ನ ಹೊತ್ಕಂಡೋಗೋ ದಿನ ಇನ್ನೂ ಬಂದಿಲ್ಲ” ಅಂತ ಅತ್ತೆ ಮಗನಿಗೆ ಬೈಯುತ್ತಲೇ ಇದ್ದರು. ಬೀದಿ ಮುಟ್ಟುವಷ್ಟರಲ್ಲಿ ಒಂದು ಬುಟ್ಟಿ ಬೂದಿಯಾಗಿ ಎರಡನೆಯದು ಅರ್ಧ ಉರಿದಿತ್ತು.

“ಎರಡು ಗೆರೆ ಬಾಗ್ಲೇ ಬೇಕು” ಅಂದರು ಸಾಬರು.

ಹಲಗೆಯ ಎರಡು ಪದರ, ಒಂದರ ಸಂದಿನ ಮೇಲೆ ಇನ್ನೊಂದರ ಸಂದು ಬಾರದಂತೆ, ನಡುವೆ ತಗಡು. ಹಾಗೆ ಮಾಡಿದ ತುಂಡು ಎರಡು ಬುಟ್ಟಿಯನ್ನೂ ತಡೆಯಿತು. ಅಂಥದ್ದೇ ಬಾಗಿಲು ಕೂರಿಸಿ ಎರಡು ಗೆರೆ ಎಳೆದು ಹೋದರು. ಆದರೂ ನಾನು ಪೂರಾ ನಂಬಲಿಲ್ಲ. ಒಮ್ಮೆ ಸೋತಂತೆ ತೋರಿಸಿ ಆಮೇಲೆ ನಂಬಿಸುವವರೂ ಇರುತ್ತಾರಲ್ಲ.

ಮಾರನೆಯ ಬೇಸಿಗೆ, ಕರೆಯದೆ ಬಂದರು. ಬಡವನಹಳ್ಳಿಯಲ್ಲಿ ಕೂರಿಸಿದ ಇಂಥದ್ದೇ ಬಾಗಿಲು ಒಣಗಿ ಸಂದು ಬಿಟ್ಟಿದೆಯಂತೆ. ನೋಡಿದರೆ ನಮ್ಮದಕ್ಕೂ ಉಗುರು ತೂರುವಷ್ಟು ಸಂದು. ಒಂದು ಗೆರೆ ಅಳಿಸಿದರು.

“ನಾವು ಯಾರೂ ಹೇಳಿರಲಿಲ್ಲವಲ್ಲ ಸಾಬ್ರೇ.”

“ಹೋದ್ವರ್ಷದ ಮಾತು ಈ ವರ್ಷ ನಂಬಬಾರ್ದು ಅಮ್ಮ. ನಾನು ಹೇಳಿದ್ದಾದ್ರೂ ಅಷ್ಟೆ.”

ಸಂದು ಮುಚ್ಚುವವರೆಗೆ ಮೂರು ದಿನ ಒಳಗೆ ಒಲೆ ಹಚ್ಚಲು ಬಿಡಲಿಲ್ಲ. ಹಿತ್ತಿಲಲ್ಲೇ ಮುದ್ದೆ ತೊಳಸಿದೆ. ನಾಲ್ಕನೆಯ ದಿನ ಅಳಿಸಿದ ಗೆರೆಯನ್ನು ಅವರು ಮತ್ತೆ ಎಳೆದಾಗ ನನ್ನ ಅನುಮಾನ ಅವರನ್ನು ಬಿಟ್ಟಿತು. ಆಮೇಲೆ ಪ್ರತಿ ಬೇಸಿಗೆಯೂ ಬಂದರು.

ಎಂಬತ್ತರ ನಂತರ ಒಂದು ಬೇಸಿಗೆ ಬರಲಿಲ್ಲ. ಮನಸ್ಸು ತಡೆಯದೆ ಬಸ್ಸು ಹತ್ತಿ ಸಿರಾಕ್ಕೆ ಹೋದೆ. ಹಿಂದಿನ ಮಳೆಗಾಲದಲ್ಲೇ ಜ್ವರ ಬಂದು ತೀರಿಕೊಂಡರು ಅಂತ ಅವರ ಹೆಂಡತಿ ಹೇಳಿದರು.

“ಆಖರಿಗೂ ನಿಮ್ಮೂರ ಬಾಗ್ಲುಗಳದ್ದೇ ಫಿಕರ್ ಅವರ್ಗೆ.”

ಮನೆಗೆ ಬಂದು ಅತ್ತೆಗೆ ತಿಳಿಸಿದೆ. ಬಾಗಿಲ ಮೇಲೆ ಎರಡು ಗೆರೆ ಹಾಗೇ ಇದ್ದವು. ಅತ್ತೆ ಅವುಗಳ ಕಡೆ ಬಲಗೈ ತೋರಿಸಿದರು.

“ಮಂಚ ಪಡಸಾಲೆಗೆ ಹಾಕ್ಬುಡ್ರವ್ವ. ನೋಡೋರು ನೋಡ್ಕಳ್ಲಿ. ವರ್ಷಾ ವರ್ಷಾ ಬಂದು ಅನುಮಾನ ಪಡೋರೇ ಹೋದ್ಮೇಲೆ ಆ ಬಾಗ್ಲ ನಂಬ್ಕಂಡು ಹೆಂಗ್ ಮಲಗಾನ?”

ಸಂಜೆ ಒಲೆ ಹಚ್ಚುವ ಮುಂಚೆಯೇ ಅಡಿಗೆಮನೆಯ ಮೂಲಕ ಮಂಚ ಸಾಗಿಸಿದೆವು. ಅಲ್ಲಿ ಅತ್ತೆ ಇನ್ನೆರಡು ವರ್ಷ ಬೀದಿಯವರನ್ನೆಲ್ಲ ಮಾತಾಡಿಸಿಕೊಂಡಿದ್ದು, ಬೆಂಕಿಯ ಮುಖ ನೋಡದೆ ನಿದ್ದೆಯಲ್ಲೇ ಹೋದರು.