ನಾನು ಕೊಟ್ಟ ತಂಪಿನ ಪುಡಿ

ನಳಿನಾಕ್ಷಿಗೆ ಆ ಪುಡಿ ಕೊಟ್ಟವಳು ನಾನೇ. ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟಲು ಆಗುತ್ತಿದ್ದರೆ ಇಷ್ಟು ಹೊತ್ತಿಗೆ ಕಟ್ಟಿಬಿಡುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು.

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದಲ್ಲಿ ಅವಳದೂ ನನ್ನದೂ ಎದುರುಬದುರು ಬಾಗಿಲು. ಅವಳ ಊರು ಕಾಪು ಕಡೆ, ನನ್ನದು ಕಾರ್ಕಳದ ಹತ್ತಿರ. ಅವಳ ಗಂಡ ಸರ್ವೋತ್ತಮ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ಮನೆಗೆ ಬರುವುದು ಮಲಗಲಿಕ್ಕೆ ಮಾತ್ರ. ಅವಳು ಮನೆಯಲ್ಲೇ ಪತ್ರೊಡೆ, ಕೋರಿರೊಟ್ಟಿ ಮಾಡಿ ಆರ್ಡರಿಗೆ ಕೊಡುತ್ತಿದ್ದಳು. ಕೈ ಬಹಳ ರುಚಿ, ಆದರೆ ಮಹಾ ಪುಕ್ಕಲು. ಲಿಫ್ಟಿಗೆ ಹೆದರುತ್ತಾಳೆ, ಸೊಸೈಟಿಯ ಸೆಕ್ರೆಟರಿಗೆ ಹೆದರುತ್ತಾಳೆ, ಮೇಲಿನ ಮನೆಯವರ ನಾಯಿಗಂತೂ ಕೇಳುವುದೇ ಬೇಡ. ಅವಳನ್ನು ಕಿಚಾಯಿಸುವುದು ನನಗೆ ದಿನದ ಕೆಲಸವಾಗಿತ್ತು.

ಎರಡು ಸಾವಿರದ ಹತ್ತರಲ್ಲಿ, ಮುಟ್ಟು ನಿಂತ ಮೇಲೆ, ಅವಳಿಗೆ ಹೊಸ ಹೆದರಿಕೆ ಶುರುವಾಯಿತು. ಒಲೆಯ ಮುಂದೆ ನಿಂತಿದ್ದ ಹಾಗೆಯೇ ಎದೆಯಿಂದ ಬಿಸಿ ಎದ್ದು ಕುತ್ತಿಗೆ, ಕೆನ್ನೆ, ಕಿವಿಯವರೆಗೆ ಏರುತ್ತಿತ್ತು. ಮುಖ ಕೆಂಪಾಗಿ ರವಿಕೆ ಒದ್ದೆಯಾಗುತ್ತಿತ್ತು. ಐದು ನಿಮಿಷದಲ್ಲಿ ಎಲ್ಲ ಇಳಿಯುತ್ತಿತ್ತು. ಹೃದಯ ನಿಂತೇ ಹೋಗುತ್ತದೆಂದು ಅವಳು ಓಡಿ ಬಂದು ನನ್ನ ಬಾಗಿಲು ಬಡಿಯುತ್ತಿದ್ದಳು. ಇದು ಹೆಂಗಸರಿಗೆಲ್ಲ ಬರುವುದೇ, ನನಗೂ ಬಂದು ಹೋಗಿದೆ, ಬರೀ ಉಷ್ಣ ಎಂದು ಧೈರ್ಯ ಹೇಳಿದೆ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ಆದರೆ ನನ್ನ ಅಮ್ಮ ಊರಿನಿಂದ ಬರುವವರ ಕೈಯಲ್ಲಿ ಕಳಿಸುವ ತಂಪಿನ ಪುಡಿ ನನ್ನ ಕಪಾಟಿನಲ್ಲಿ ಇದ್ದೇ ಇರುತ್ತಿತ್ತು. ಮೆಂತ್ಯ ಅರ್ಧ ಪಾಲು, ಉಳಿದದ್ದು ಶತಾವರಿ, ಲಾವಂಚದ ಬೇರು, ಜೀರಿಗೆ. ಡಬ್ಬವನ್ನೇ ಕೊಟ್ಟು, ದಿನಕ್ಕೆ ಎರಡು ಸಲ ನೀರಿಗೆ ಹಾಕಿ ಕುಡಿ ಎಂದೆ. ಕುಡಿದಳೋ ಇಲ್ಲವೋ ಎಂದು ದಿನಾ ಡಬ್ಬ ತೆಗೆದು ನೋಡಿ ವಿಚಾರಿಸುತ್ತಿದ್ದೆ. ಗುಣ ಕಾಣುತ್ತಿದೆ ಎನ್ನುತ್ತಿದ್ದಳು.

ಅದೇ ಸಮಯಕ್ಕೆ ಅವಳ ಮಗಳು ನಿಕಿತಾಳಿಗೆ ನಾನೊಂದು ಸಂಬಂಧ ತಂದೆ. ಹುಡುಗ ರಂಜನ್, ನನ್ನ ಅಣ್ಣನ ಮಗ, ಕೋಪರಖೈರಣೆಯಲ್ಲಿ ಸ್ವಂತ ಅಂಗಡಿ. ಎಲ್ಲರಿಗೂ ಒಪ್ಪಿಗೆಯಾಗಿ ನಿಶ್ಚಿತಾರ್ಥದ ದಿನವೊಂದೇ ಬಾಕಿ ಇತ್ತು. ಇದು ಸುಸೂತ್ರವಾಗಿ ಮುಗಿಯಲಿ ಎಂದು ನಳಿನಾಕ್ಷಿ ಟಿಟ್ವಾಳಾದ ಗಣಪತಿಗೆ ಅಂಗಾರಕ ಸಂಕಷ್ಟಿಯ ಉಪವಾಸದ ಹರಕೆ ಹೊತ್ತಳು. ಮಂಗಳವಾರ ಬೀಳುವ ಆ ಚತುರ್ಥಿಗೆ ಚಂದ್ರ ಕಾಣುವವರೆಗೆ ಏನೂ ತಿನ್ನುವಂತಿಲ್ಲ. ಜೊತೆಗೆ ನಾನೂ ಹೊರಟೆ. ಬೆಳಿಗ್ಗೆ ಹೊರಡುವಾಗ, ಔಷಧಿ ತೆಗೆದುಕೊಂಡರೆ ಉಪವಾಸ ಕೆಡುತ್ತದೆಯೇ ಎಂದು ಅವಳು ಕೇಳಿದಳು. ನಾನು ದೊಡ್ಡ ಶಾಸ್ತ್ರ ಬಲ್ಲವಳ ಹಾಗೆ, ಔಷಧಿಗೆ ದೋಷವಿಲ್ಲ ಎಂದೆ. ಕೇಳಿದ್ದು ನನ್ನ ಪುಡಿಯ ಬಗ್ಗೆ ಎಂದೇ ತಿಳಿದೆ.

ಟಿಟ್ವಾಳಾದಲ್ಲಿ ಸಾಲು ರಸ್ತೆಯವರೆಗೆ ಬಂದಿತ್ತು. ಎರಡು ಗಂಟೆ ನಿಂತ ಮೇಲೆ ನಳಿನಾಕ್ಷಿಯ ಹಣೆಯಲ್ಲಿ ಬೆವರು ಕಂಡಿತು. ಬಂತಾ ನಿನ್ನ ಬೆಂಕಿ ಎಂದು ನಕ್ಕು, ಸೆರಗಿನಿಂದ ಗಾಳಿ ಹಾಕಿದೆ. ಪುಡಿ ಕಲಸಿ ತಂದಿದ್ದ ಬಾಟಲಿಯನ್ನು ಬಾಯಿಗೆ ಹಿಡಿದೆ. ಗಟಗಟ ಕುಡಿದಳು. ಬೆವರು ನಿಲ್ಲಲಿಲ್ಲ. ಅವಳ ಕೈ ಹಿಡಿದವಳು ಬೆಚ್ಚಿಬಿದ್ದೆ. ಬೆಂಕಿ ಏರಿದಾಗ ಸುಡುತ್ತಿದ್ದ ಕೈ ಇದಲ್ಲ, ಮಂಜುಗಡ್ಡೆಯಂತೆ ತಣ್ಣಗಿತ್ತು. ಮುಖ ಕೆಂಪಾಗಿರಲಿಲ್ಲ, ಬಿಳಿಚಿಕೊಂಡಿತ್ತು. ತುಟಿ ನಡುಗುತ್ತಿತ್ತು.

ನಳಿನಾ, ನಳಿನಾ ಎಂದು ಕರೆದೆ. ನನ್ನನ್ನು ನೋಡಿದಳು, ಗುರುತು ಸಿಗಲಿಲ್ಲ. ಯಾವಾಗಲೋ ತೀರಿಹೋದ ಅವಳ ಅಮ್ಮನನ್ನು ತುಳುವಿನಲ್ಲಿ ಕರೆಯತೊಡಗಿದಳು. ಡೊಂಬಿವಲಿಗೆ ಬಂದ ಇಪ್ಪತ್ತು ವರ್ಷದಲ್ಲಿ ಯಾವುದಕ್ಕೂ ಹೆದರದ ನಾನು ಆ ಸಾಲಿನ ನಡುವೆ ಕಾಲು ಚಾಚಿ ಕೂತುಬಿಟ್ಟೆ, ಅವಳ ತಲೆ ನನ್ನ ತೊಡೆಯ ಮೇಲೆ. ಪುಡಿಯಲ್ಲಿ ಏನಿತ್ತೋ, ಅಮ್ಮ ಯಾವ ಬೇರು ಹಾಕಿದ್ದಳೋ, ಇವಳನ್ನು ಕೊಂದೆನಲ್ಲ ಎಂಬುದೊಂದೇ ತಲೆಯಲ್ಲಿ.

ಪಕ್ಕದಲ್ಲಿ ದೂರ್ವೆ, ಕೆಂಪು ಹೂ ಮಾರುತ್ತಿದ್ದ ಮರಾಠಿ ಹೆಂಗಸು ಬುಟ್ಟಿ ಬಿಟ್ಟು ಎದ್ದು ಬಂದಳು. ತನ್ನ ಅತ್ತೆಗೂ ಹೀಗೇ ಆಗುತ್ತಿತ್ತಂತೆ.

"ಶುಗರ್ ಆಹೆ ಕಾ ಹಿಲಾ?"

ಇಲ್ಲ, ಇವಳಿಗೆ ಸಕ್ಕರೆ ಕಾಯಿಲೆ ಅಂಥದ್ದೇನೂ ಇಲ್ಲ, ನನಗೆ ಗೊತ್ತಿಲ್ಲದ್ದು ಇವಳ ಬಳಿ ಯಾವುದೂ ಇಲ್ಲ ಎಂದು ಗದರಿದೆ. ಅವಳು ನನ್ನ ಮಾತಿಗೆ ಕಾಯಲಿಲ್ಲ. ಚಹಾದ ಗಾಡಿಯಿಂದ ಸಕ್ಕರೆ ತಂದು ನೀರಿಗೆ ಕದಡಿ ತುಟಿಗೆ ಹಿಡಿದಳು. ನಳಿನಾಕ್ಷಿಗೆ ಅಷ್ಟು ಮಾತ್ರ ಪ್ರಜ್ಞೆ ಇತ್ತು ನೋಡಿ. ಸಿಹಿ ತಾಗಿದ್ದೇ ಹಲ್ಲು ಕಚ್ಚಿದಳು.

"ಬೇಡ... ಚಂದ್ರ ಕಾಣಲಿಲ್ಲ... ನಿಕಿತನ ಮದುವೆ..."

ಅವಳ ಗಲ್ಲ ಹಿಡಿದು ಬಾಯಿ ತೆರೆಸಿದವಳು ನಾನು. ದೇವರ ಬಾಗಿಲಲ್ಲೇ ಅವಳ ವ್ರತ ಮುರಿದೆ. ಪಾಪ ಬಂದರೆ ನನಗೇ ಬರಲಿ ಎನ್ನುತ್ತ ಚಮಚ ಚಮಚವಾಗಿ ಕುಡಿಸಿದೆ, ಅರ್ಧ ಅವಳ ಕುತ್ತಿಗೆಗೆ ಹರಿಯಿತು. ಹತ್ತು ನಿಮಿಷವಾಗಿರಬಹುದು. ಅಷ್ಟರಲ್ಲಿ ನಾನು ಸರ್ವೋತ್ತಮರಿಗೆ ಏನು ಹೇಳಲಿ, ನಿಕಿತಾಳ ಮುಖ ಹೇಗೆ ನೋಡಲಿ ಎಂಬಲ್ಲಿಯವರೆಗೆ ಹೋಗಿ ಬಂದಿದ್ದೆ. ಕೊನೆಗೆ ಅವಳು ಕಣ್ಣು ಬಿಟ್ಟು, ಜಯಕ್ಕ ಎಂದಳು. ನಾನು ಗೊಳೋ ಎಂದು ಅತ್ತೆ.

ರಿಕ್ಷಾದಲ್ಲಿ ಹತ್ತಿರದ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಬೆರಳು ಚುಚ್ಚಿ ನೋಡಿ, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು ಎಂದು ಗ್ಲೂಕೋಸ್ ಬಾಟಲಿ ಏರಿಸಿದರು. ಶುಗರಿನ ಮಾತ್ರೆ ಏನಾದರೂ ಇದೆಯೇ ಎಂದು ಕೇಳಿದರು. ಅವಳು ನನ್ನ ಮುಖ ನೋಡಿ ಇಲ್ಲ ಎಂದಳು. ಡಾಕ್ಟರು ನಂಬಲಿಲ್ಲ, ಪರ್ಸು ನೋಡಿ ಎಂದು ನನಗೇ ಹೇಳಿದರು. ಕರವಸ್ತ್ರದ ಗಂಟಿನಲ್ಲಿ ಮಾತ್ರೆಯ ಪಟ್ಟಿ ಸಿಕ್ಕಿತು. ಆ ಬೆಳಿಗ್ಗೆಯೂ ಒಂದು ನುಂಗಿದ್ದಳು, ನನ್ನ ಶಾಸ್ತ್ರ ಕೇಳಿಕೊಂಡು. ಪುಡಿಯ ವಿಷಯವನ್ನು ನಾನೇ ಹೇಳಿದೆ. ಖಾಲಿ ಹೊಟ್ಟೆ, ಮಾತ್ರೆ, ಮೇಲಿಂದ ಮೆಂತ್ಯ, ಎಲ್ಲ ಸೇರಿ ಸಕ್ಕರೆ ಇಳಿದಿದೆ ಎಂದರು ಡಾಕ್ಟರು.

ಅವರು ಆಚೆ ಹೋದ ಮೇಲೆ ಎಷ್ಟು ಸಮಯದಿಂದ ಎಂದು ಕೇಳಿದೆ. ನಾಲ್ಕು ವರ್ಷ ಎಂದಳು. ಮುಟ್ಟಿನ ಸಂಗತಿಯನ್ನೆಲ್ಲ ನನ್ನ ಹತ್ತಿರ ನಾಚಿಕೆ ಬಿಟ್ಟು ಹೇಳಿಕೊಂಡವಳು ಇದೊಂದನ್ನು ಮುಚ್ಚಿಟ್ಟಿದ್ದಳು. ಮೆಂತ್ಯದ ಔಷಧಿ ಜೊತೆಗೆ ಬೇಡವೆಂದು ಅವಳ ಡಾಕ್ಟರು ಮೊದಲೇ ಎಚ್ಚರಿಸಿದ್ದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ಮತ್ತೆ ಯಾಕೆ ಕುಡಿದೆ, ಚೆಲ್ಲಲಿಕ್ಕೆ ಮೋರಿ ಇರಲಿಲ್ಲವಾ ಎಂದು ಬೈದೆ.

ಅವಳು ಸೂಜಿ ಚುಚ್ಚಿದ ಕೈಯನ್ನೇ ಎತ್ತಿ ಮುಗಿಯಲು ನೋಡಿದಳು.

"ನೀವು ದಿನಾ ಡಬ್ಬ ತೆಗೆದು ನೋಡ್ತಿದ್ರಿ ಜಯಕ್ಕ. ಬೇಡ ಅಂದ್ರೆ ಯಾಕೆ ಅಂತ ಕೇಳ್ತಿದ್ರಿ. ತಾಯಿಗೆ ಶುಗರ್ ಅಂತ ಗೊತ್ತಾದ್ರೆ ಮಗಳನ್ನು ಯಾರು ತಗೊಳ್ತಾರೆ? ನೀವು ಗಂಡಿನ ಕಡೆಯವರಲ್ವಾ?"

ನಾನು ಅವಳ ಎದುರುಮನೆಯವಳು ಎಂದುಕೊಂಡಿದ್ದೆ.