ಸಂಘಮಿತ್ರಾಳ ಮಿಕ್ಸಿಂಗ್ ಲ್ಯಾಪ್‌ಟಾಪ್

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ಮದುವೆ ವಿಡಿಯೊಗಳಲ್ಲಿ ಗಂಡು ಹೆಣ್ಣಿನ ಮುಖಗಳು ಅರಳುವ ತಾವರೆಯೊಳಗಿಂದ ಮೂಡಿ ಬರುತ್ತವೆ. ಆ ತಾವರೆಗಳನ್ನು ಅರಳಿಸಿದವಳು ಸಂಘಮಿತ್ರಾ. ಗಂಡ ಯಲ್ಲಾಲಿಂಗ ಕ್ಯಾಮೆರಾ ಹಿಡಿದು ಊರೂರು ಸುತ್ತಿ ಮದುವೆ ತೆಗೆಯುತ್ತಾನೆ. ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸುವ ಕೆಲಸ ಅವಳದು. ಇಲ್ಲಿಯವರು ಅದನ್ನು ಮಿಕ್ಸಿಂಗ್ ಎನ್ನುತ್ತಾರೆ.

ಅವಳ ಅಪ್ಪ ಹಂಪಯ್ಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೂಲಿಯಾಗಿದ್ದ. ದಿನಾ ಬೂದಿ ಮೆತ್ತಿಕೊಂಡು ಮನೆಗೆ ಬರುತ್ತಿದ್ದವನು ಮಗಳಿಗೆ, "ನೀ ಫ್ಯಾನಿನ ಬುಡಕ ಕುಂತು ಮಾಡೋ ಕೆಲಸ ಕಲಿ ಯವ್ವಾ" ಎಂದು ಹೇಳಿ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ. ಅವಳು ಮದುವೆಯಾಗಿ ದೇವದುರ್ಗಕ್ಕೆ ಹೋದಾಗ ಯಲ್ಲಾಲಿಂಗನ ಸ್ಟುಡಿಯೊದಲ್ಲಿ ಒಂದು ನೀಲಿ ಪರದೆ, ಎರಡು ಛತ್ರಿ ದೀಪ, ಒಂದು ಬಾಚಣಿಗೆ ಇದ್ದವು. ಇಬ್ಬರೂ ಕೂಡಿ ಲ್ಯಾಪ್‌ಟಾಪ್ ಕೊಂಡರು. ಆಗ ಕ್ಯಾಮೆರಾದ ಕಾರ್ಡುಗಳು ಸಣ್ಣವು, ಗಂಡು ಹೆಣ್ಣಿನ ತಲೆಯ ಮೇಲೆ ಅಕ್ಕಿಕಾಳು ಬೀಳುವಷ್ಟರಲ್ಲಿ ತುಂಬಿಬಿಡುತ್ತಿದ್ದವು. ಅದಕ್ಕೇ ಅವಳೂ ಗಂಡನ ಬೈಕಿನ ಹಿಂದೆ ಕೂತು ಮದುವೆಗಳಿಗೆ ಹೋಗುತ್ತಿದ್ದಳು. ಚಪ್ಪರದ ಮೂಲೆಯಲ್ಲಿ ಕೂತು, ತೆಗೆದದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿ ಕಾರ್ಡು ಖಾಲಿ ಮಾಡಿ ಕೊಡುತ್ತಿದ್ದಳು. ಆಮೇಲೆ ದೊಡ್ಡ ಕಾರ್ಡುಗಳು ಬಂದವು. ಸಂಸಾರ ರಾಯಚೂರಿಗೆ ಬಂತು. ಅವಳು ಮದುವೆಗಳಿಗೆ ಹೋಗುವುದು ನಿಂತೇಹೋಯಿತು.

ಈ ಬೇಸಿಗೆಯಲ್ಲಿ ಶಕ್ತಿನಗರದ ಒಬ್ಬ ಎಂಜಿನಿಯರರ ಮನೆಯ ಮದುವೆ ಒಪ್ಪಿಕೊಂಡರು. ಡ್ರೋನ್ ಹಾರಿಸಿ ತೆಗೆದ ಚಿತ್ರಗಳು, ಒಂದೊಂದೂ ಹೊರಲಾರದಷ್ಟು ದೊಡ್ಡವು. ಹಳೆಯ ಲ್ಯಾಪ್‌ಟಾಪ್ ಅವುಗಳ ಭಾರಕ್ಕೆ ಏದುಸಿರು ಬಿಟ್ಟಿತು. ತಳ ರೊಟ್ಟಿ ಹಂಚಿನಂತೆ ಕಾಯಿತು. ಸಂಘಮಿತ್ರಾ ಅದನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ಟೇಬಲ್ ಫ್ಯಾನ್ ತಿರುಗಿಸಿದಳು. ಮದುಮಗಳು ಮಂಟಪಕ್ಕೆ ಬರುವ ದೃಶ್ಯದಲ್ಲಿ ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿದರೆ ಮತ್ತೆ ಅಲ್ಲೇ ಕಪ್ಪು.

"ಹೊಸಾದ್ ತರೋಣ ಅಂತ ಎಂದಿನಿಂದ ಬಡ್ಕೊಳ್ಳಾಕತ್ತೀನಿ" ಎಂದ ಯಲ್ಲಾಲಿಂಗ.

"ಇದ್ರಾಗ ಏನ್ ಕಡಿಮಿ ಆಗ್ಯದ? ಒಳಗ ಒಂದೆರಡು ಸಾಮಾನ ಬದಲಿ ಮಾಡಿದ್ರ ಓಡ್ತದ."

"ಓಡೂದಿಲ್ಲ, ತೆವಳ್ತದ."

ಅವಳಿಗೆ ಸಿಟ್ಟು ಬಂತು. ಮರುದಿನವೇ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ರಿಪೇರಿಯ ಮಹಮ್ಮದ್ ಹುಸೇನನ ಅಂಗಡಿಗೆ ನಡೆದಳು.

ಹುಸೇನ್ ಸ್ಕ್ರೂ ಬಿಚ್ಚಿ ಕೀಬೋರ್ಡ್ ಎತ್ತಿದವನೇ ನಕ್ಕುಬಿಟ್ಟ. "ಅಕ್ಕಾ, ಇದ್ರಾಗ ಮದಿವಿ ಮಾಡೀರೇನು?"

ಅವಳು ಬಗ್ಗಿ ನೋಡಿದಳು. ಧೂಳಿನ ಉಂಡೆಗಳ ನಡುವೆ ಅರಿಶಿನ ಹಚ್ಚಿದ ಅಕ್ಕಿಕಾಳು, ಯಾರದೋ ಸೀರೆಯಿಂದ ಉದುರಿದ ಚಮಕಿ, ಒಣಗಿ ಎಳೆಯಂತಾದ ಗುಲಾಬಿ ಪಕಳೆ. ಹುಸೇನ್ ಬ್ರಷ್ ಕೈಗೆತ್ತಿಕೊಂಡ. "ಸ್ವಲ್ಪ ತಡೀರಿ" ಎಂದಳು ಸಂಘಮಿತ್ರಾ.

ಅಕ್ಕಿಕಾಳು ಯಾವ ಮದುವೆಯದೆಂದು ಹೇಳುವುದು ಹೇಗೆ? ಆದರೂ ಅವಳಿಗೆ ನೆನಪಾದದ್ದು ಹಿರೇಕೊಟ್ನೆಕಲ್. ಅಲ್ಲಿ ಮದುಮಗಳ ತಾಯಿ ಕನಕಮ್ಮ ಬೆಳಗಿನಿಂದ ಒಲೆಯ ಮುಂದಿದ್ದಳು. ಹುಗ್ಗಿ ತಳ ಹಿಡಿಯುತ್ತದೆಂದು ಸೌಟು ಬಿಡದೆ ತಿರುವುತ್ತಿದ್ದಾಗ ಹೊರಗೆ ಬಾಜಾ ಜೋರಾಗಿ, ತಾಳಿ ಕಟ್ಟಿ ಆಗಿಹೋಗಿತ್ತು. ಊಟವೆಲ್ಲ ಮುಗಿದ ಮೇಲೆ ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಸಂಘಮಿತ್ರಾಳ ಹತ್ತಿರ ಬಂದು ನಿಂತಳು.

"ತಂಗೀ, ನನ್ನ ಮಗಳ ತಾಳಿ ನಾನೇ ನೋಡ್ಲಿಲ್ಲವ್ವಾ. ನಿನ್ನ ಪೆಟಿಗ್ಯಾಗ ಅದ ಅಂತಾರ, ಖರೇನೇನು?"

ಕರೆಂಟು ಹೋಗಿತ್ತು. ಒಳಕೋಣೆಯ ಕತ್ತಲಲ್ಲಿ, ಜೋಳದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು ಸಂಘಮಿತ್ರಾ ತೋರಿಸಿದಳು. ಮಿಕ್ಸಿಂಗ್ ಇಲ್ಲ, ಹಾಡಿಲ್ಲ, ತಾವರೆ ಇಲ್ಲ. ಅಡುಗೆ ಮಾಡಿದ ಹೆಂಗಸರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿದರು. ತಾಳಿ ಕಟ್ಟುವಾಗ ಮಗಳು ತಲೆ ಎತ್ತಿ ಜನರೊಳಗೆ ಯಾರನ್ನೋ ಹುಡುಕುತ್ತಿರುವುದು ಕಂಡಿತು. "ನನ್ನೇ ಹುಡುಕ್ಯಾಳ ಅಕಿ" ಎಂದಳು ಕನಕಮ್ಮ. ಪರದೆಯ ಮೇಲಿನ ಮಗಳ ಗದ್ದ ಮುಟ್ಟಿ ಲಟಿಕೆ ಮುರಿದಳು. ಆಮೇಲೆ, "ಇನ್ನೊಮ್ಮೆ ಹಚ್ಚವ್ವಾ" ಎಂದಳು.

ಆ ದಿನ ಬೈಕಿನಲ್ಲಿ ಹಿಂದಿರುಗುವಾಗ, ತಾನು ಮಾಡುವ ಕೆಲಸಕ್ಕೆ ಒಂದು ಅರ್ಥವಿದೆ ಎಂದು ಸಂಘಮಿತ್ರಾಳಿಗೆ ಮೊದಲ ಸಲ ಅನಿಸಿತ್ತು.

"ಅಕ್ಕಾ, ಏನ್ ಮಾಡ್ಲಿ ಹೇಳ್ರಿ" ಎಂದ ಹುಸೇನ್. "ಹೊಸ ಡಿಸ್ಕು ಹಾಕಿ, ಮೆಮೊರಿ ಹೆಚ್ಚು ಮಾಡಿದ್ರ ಸಣ್ಣಪುಟ್ಟ ಕೆಲಸಕ್ಕ ನಡೀತದ. ಆದ್ರ ಡ್ರೋನಿಂದು ಹಾಕಿದ್ರಿ ಅಂದ್ರ ಮತ್ತ ಇದೇ ಕಥಿ. ಇದರ ದಮ್ಮೇ ಅಷ್ಟು."

"ಈಗ ಒಂದು ಮದಿವಿ ತುಂಬಿ, ತೆರದು ತೋರಿಸಾಕ ಎಷ್ಟೊತ್ತು ಬೇಕು ಇದಕ್ಕ?"

"ನೀವ ಹೇಳ್ಬೇಕು. ನೀವ ನೋಡೀರಿ."

ಅವಳು ನೋಡಿದ್ದಳು. ಶಕ್ತಿನಗರದ ಮದುವೆ ತುಂಬಿಕೊಳ್ಳುವುದಕ್ಕೇ ಹಗಲೆಲ್ಲ ಹಿಡಿದಿತ್ತು. ಕನಕಮ್ಮನಂಥ ತಾಯಿ ಇಂದು ಬಂದು ಕೇಳಿದ್ದರೆ, ನಾಳೆ ಬರ್ರಿ ಎನ್ನಬೇಕಾಗುತ್ತಿತ್ತು. ತಾನು ಇಷ್ಟು ದಿನ ಹಟ ಹಿಡಿದು ಉಳಿಸಿಕೊಳ್ಳುತ್ತಿದ್ದುದು ಆ ಒಳಕೋಣೆಯ ಮಧ್ಯಾಹ್ನವನ್ನೇ ಹೊರತು ಈ ಪೆಟ್ಟಿಗೆಯನ್ನಲ್ಲ ಎಂಬುದು ಅವಳಿಗೆ ಹೊಳೆಯಿತು. ಪೆಟ್ಟಿಗೆ ಪಾಪ, ತನ್ನ ಕೆಲಸ ಮಾಡಿ ಮುಗಿಸಿತ್ತು.

"ಡಿಸ್ಕ್ ಬಿಚ್ಚಿ ಕೊಡ್ರಿ, ಮದಿವಿಗೋಳು ಅದಾವ ಅದ್ರಾಗ" ಎಂದಳು. "ಉಳಿದದ್ದು ನೀವ ಇಟ್ಗೋರಿ. ಪರದೆ ಚಲೋ ಅದ, ಯಾರಿಗರ ಉಪಯೋಗ ಬಂದೀತು."

ಹುಸೇನ್ ಒಮ್ಮೆ ಅವಳ ಮುಖ ನೋಡಿದ. "ಖರೇನ ಕೊಡ್ತೀರಿ?"

"ಹ್ಞೂಂ. ಜಲ್ದಿ ಬಿಚ್ರಿ, ಮನಸ್ಸು ಬದಲಿ ಆಗೂದ್ರಾಗ."

ಮನೆಗೆ ಬಂದು ಯಲ್ಲಾಲಿಂಗನಿಗೆ ಹೇಳಿದಾಗ ಅವನು ಗೆದ್ದವನಂತೆ ನಗಲಿಲ್ಲ. ಖಾಲಿಯಾದ ಮೇಜನ್ನು ನೋಡುತ್ತ, "ಹಂಗಾದ್ರ ಕೊಟ್ಟೇಬಿಟ್ಟಿ?" ಎಂದ. ಅವನ ದನಿಯೇ ಸಪ್ಪಗಿತ್ತು.

ಹೊಸ ಲ್ಯಾಪ್‌ಟಾಪ್ ಬಂತು. ಮೊದಲ ವಾರ ಅವಳ ಬೆರಳುಗಳು ದಾರಿ ತಪ್ಪಿದವು, ಬೈದುಕೊಂಡೇ ಕಲಿತಳು. ಶಕ್ತಿನಗರದ ಮದುವೆ ಪೂರ್ತಿ ಜೋಡಿಸಿ ಎಲ್ಲವನ್ನೂ ಒಂದೇ ವಿಡಿಯೊ ಮಾಡುವ ಕೊನೆಯ ಬಟನ್ ಒತ್ತಿ, ರೂಢಿಯಂತೆ ಒಳಗೆ ಹೋಗಿ ಚಹಾಕ್ಕಿಟ್ಟಳು. ಮೊದಲಾಗಿದ್ದರೆ ಅಡುಗೆ, ಬಟ್ಟೆ, ಪಕ್ಕದ ಮನೆಯ ಹರಟೆ ಎಲ್ಲ ಆಗುವಷ್ಟು ಹೊತ್ತಿರುತ್ತಿತ್ತು. ಚಹಾ ಸೋಸಿಕೊಂಡು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅವಳು ಲೋಟ ಹಿಡಿದು ಮುಂದೇನು ಮಾಡಬೇಕೆಂದು ತಿಳಿಯದೆ ನಿಂತಳು.

"ಏನಾತು, ಮತ್ತ ನಿಂತತೇನು?" ಎಂದ ಯಲ್ಲಾಲಿಂಗ ಬಾಗಿಲಿನಿಂದ.

"ಇಲ್ಲ, ಮುಗೀತು. ಬರ್ರಿ, ಕುಂದರ್ರಿ" ಎಂದು ಅವಳು ಇನ್ನೊಂದು ಲೋಟ ತರಲು ಒಳಗೆ ಹೋದಳು. ಮದುವೆಯ ಸೀಜನ್ನಿನಲ್ಲಿ ಅವರಿಬ್ಬರೂ ಎದುರುಬದರು ಕೂತು ಚಹಾ ಕುಡಿದು ವರ್ಷಗಳೇ ಆಗಿದ್ದವು.