ಸೋಮವಾರ ಬರ್ತೀನಿ ಅಂದ ಮೇಲೆ
ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ವರ್ಷ ಹನ್ನೊಂದು ವರ್ಷದವಳಾಗಿದ್ದ ಸೂಗಮ್ಮನಿಗೆ ಈಗ ಹದಿನಾರು. ಯಾರ ಮುಖವನ್ನೂ ನೋಡಳು. ಹೇಳಿದ ಮಾತು ಹೇಳಿದಂತೆಯೇ ನಡೆಯಬೇಕು, ಇಲ್ಲದಿದ್ದರೆ ಚೀರಾಟ. "ಮದುವಿ ಮಾಡು, ಸರಿ ಹೋಗ್ತಾಳ" ಎಂದ ಸುಲೇಪೇಟದ ಹೆಂಗಸರಿಗೆಲ್ಲ ತಾಯಿ ಶಿವಕಾಂತಮ್ಮನದು ಒಂದೇ ಉತ್ತರ: "ಮದುವಿ ಅಂದ್ರ ದವಾ-ಔಷಧ ಏನವ್ವಾ? ಮೊದಲ ಆಕಿ ಒಲಿ ಆಕಿ ಹಚ್ಚಲಿ."

ಎರಡು ವರ್ಷ ಪಕ್ಕದಲ್ಲೇ ಕೂತು ರೊಟ್ಟಿ ಬಡಿಯಲು ಕಲಿಸಿದಳು. ಆಮೇಲೊಂದು ದಿನ, ನೆರೆಮನೆಯ ಭೀಮಮ್ಮನಿಗೆ ಮಗಳ ಮೇಲೆ ಕಣ್ಣಿಡಲು ಹೇಳಿ, ಸೂಗಮ್ಮನಿಗೆ "ಸೋಮವಾರ ಬರ್ತೀನಿ" ಎಂದು ಚಿತ್ತಾಪುರದ ತಂಗಿಯ ಮನೆಗೆ ಹೋದಳು. ಕರುಳು ತಡೆಯದೆ ಭಾನುವಾರವೇ ಓಡಿ ಬಂದಳು.

ಒಲೆ ಉರಿಯುತ್ತಿತ್ತು. ಸೂಗಮ್ಮ ಒಂದೇ ಹೊಟ್ಟೆಗಾಗುವಷ್ಟು ಹಿಟ್ಟು ನಾದಿದ್ದಳು. ತಲೆ ಎತ್ತದೆ, "ಇವತ್ತ ಐತಾರ. ನೀ ನಾಳಿ ಬಾ" ಎಂದಳು.

ಶಿವಕಾಂತಮ್ಮ ಗಂಟು ಎತ್ತಿಕೊಂಡು, ನಗುತ್ತ ಭೀಮಮ್ಮನ ಮನೆಗೆ ಊಟಕ್ಕೆ ಹೋದಳು.